ಥರ್ಕೆಟಲ್ ಅವರು ಹೊಡೆದುಹಾಕಿದ ಪದ

ನಿಘಂಟಿನ ಕೆಲಸದಲ್ಲಿ ಪದಗಳನ್ನು ಸೇರಿಸಿದವರ ಹೆಸರು ಉಳಿಯುತ್ತದೆ. ಸೇರಿಸಲು ಬಿಡದವರ ಹೆಸರು ಉಳಿಯುವುದು ಅಪರೂಪ. ನಾರಿಚ್ ನಗರದ ನಮ್ಮ ಇಂಗ್ಲಿಷ್ ನಿಘಂಟು ಕಚೇರಿಯಲ್ಲಿ ಮೂವತ್ತೆಂಟು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಆಂಬ್ರೋಸ್ ಥರ್ಕೆಟಲ್ ಅವರು ಎರಡನೆಯ ಪಂಗಡದ ಹಿರಿಯರು. ಅವರ ಕೈಕೆಳಗೆ ನಾನು ಏಳು ವರ್ಷ ಕೆಲಸ ಮಾಡಿದ್ದೇನೆ. ಅದರಲ್ಲಿ ಆರನ್ನು ಸಿಟ್ಟಿನಲ್ಲೇ ಕಳೆದಿದ್ದೇನೆ.

ಅವರು ಶಾಲೆಯ ಮಾಸ್ತರಿಕೆ ಬಿಟ್ಟು ಇಲ್ಲಿಗೆ ಬಂದವರು. ಪದವೊಂದು ಪುಸ್ತಕದಲ್ಲೋ ಪತ್ರದಲ್ಲೋ ಕಂಡಾಗ ಆ ವಾಕ್ಯವನ್ನು ಚೀಟಿಯಲ್ಲಿ ಬರೆದು ಕಳಿಸುವ ಓದುಗರು ನಮಗೆ ನಾಡಿನ ತುಂಬ ಇದ್ದಾರೆ. ಅಂಥ ನಾನೂರು ಚೀಟಿಗಳನ್ನು ಪುಟಸಂಖ್ಯೆ ಸರಿಯಿಲ್ಲವೆಂದು ಅವರು ಮೊದಲ ತಿಂಗಳೇ ಹಿಂದಕ್ಕೆ ಕಳಿಸಿದರಂತೆ. ಒಬ್ಬ ವೃದ್ಧ ಪಾದ್ರಿ, ‘ನಮ್ಮಿಬ್ಬರಲ್ಲಿ ಪಾಪಗಳನ್ನು ಲೆಕ್ಕ ಹಾಕಬೇಕಾದವರು ಯಾರು?’ ಎಂದು ಕೇಳಿ ಬರೆದ ಪತ್ರ ಈಗಲೂ ಕಡತದಲ್ಲಿದೆ.

ನಾನು ಸೇರಿದ ದಿನ, ಚೀಟಿಗಳ ಉಸ್ತುವಾರಿ ನೋಡುವ ಡಿಲಿಸ್ ಎಚ್ಚರಿಸಿದ್ದರು. “ನೋಡು ಮರಿ, ಅವರನ್ನ ಟೀಗೆ ಮಾತ್ರ ಕರೀಬೇಡ. ಪಕ್ಕದ ಮೇಜಿಂದ ಪತ್ರ ಬರೀತಾರೆ, ಬರೋಕಾಗಲ್ಲ ಅಂತ.”

ಕರೆದೆ. ಪತ್ರ ಬಂತು. ಅದರಲ್ಲಿ ‘ಡಿಕ್ಲೈನ್’ ಎಂಬ ಪದವಿತ್ತು. ಬಾಯಲ್ಲೇ ಒಲ್ಲೆ ಅನ್ನಬಹುದಿತ್ತಲ್ಲ ಎಂದು ಕೇಳಿದೆ.

“ಒಲ್ಲೆ ಅನ್ನೋದು ಮುಖದ ಮೇಲೆ ಬಾಗಿಲು ಹಾಕೋದು, ಮಿಸೆಸ್ ಗೂಡರಮ್. ಡಿಕ್ಲೈನ್ ಅಂದ್ರೆ ಬಾಗಿಲಲ್ಲಿ ನಿಂತು ಟೋಪಿ ತೆಗೆಯೋದು.”

“ಅಷ್ಟರಲ್ಲಿ ಟೀ ಆರಿಹೋಯ್ತು,” ಎಂದರು ಡಿಲಿಸ್.

ಮುಂದೆ ಆ ಪದವೇ ನನ್ನ ಪಾಲಿಗೆ ಬಂತು. ಸಾವಿರದ ಇನ್ನೂರು ಚೀಟಿಗಳು. ಕರೆಯನ್ನು ವಿನಯದಿಂದ ಬೇಡವೆನ್ನುವುದು, ಚದುರಂಗದಲ್ಲಿ ಎದುರಾಳಿ ಒಡ್ಡಿದ ಕಾಲಾಳನ್ನು ಮುಟ್ಟದೆ ಬಿಡುವುದು, ಹೊತ್ತು ಇಳಿಯುವುದು, ನೆಲ ಇಳಿಜಾರಾಗುವುದು, ಗೋಧಿಯ ಧಾರಣೆ ಬೀಳುವುದು, ರಾಜ್ಯಗಳು ಕ್ಷೀಣಿಸುವುದು, ಲ್ಯಾಟಿನ್ ಕಲಿಯುವ ಮಕ್ಕಳು ನಾಮಪದಕ್ಕೆ ವಿಭಕ್ತಿ ಹಚ್ಚುವುದು. ಹನ್ನೊಂದನೆಯ ಅರ್ಥ ಕಾಯಿಲೆಯದು: ‘ದೇಹ ಕ್ರಮೇಣ ಬಲಗುಂದುವುದು.’ ಹಾಗೆ ಬರೆದವಳು ನಾನೇ. ಥರ್ಕೆಟಲ್ ಅವರು ಪಕ್ಕದಲ್ಲಿ ‘ಸರಿ’ ಎಂದು ಬರೆದಿದ್ದರು. ಅಂಥದ್ದು ನಮ್ಮ ಕಚೇರಿಯಲ್ಲಿ ವರ್ಷಕ್ಕೊಮ್ಮೆ ನಡೆಯುತ್ತದೆ. ಡಿಲಿಸ್ ಕೇಕ್ ತಂದರು.

ಕಳೆದ ವರ್ಷ ಫೆಬ್ರವರಿಯಲ್ಲಿ ನನ್ನ ಗಂಡ ಹ್ಯೂ ಕಾಯಿಲೆ ಬಿದ್ದ. ಹತ್ತೊಂಬತ್ತು ದಿನ. ಅವನಿಗೆ ಮೂವತ್ತಮೂರು ವರ್ಷ.

ಏಪ್ರಿಲ್‌ನಲ್ಲಿ ಕೆಲಸಕ್ಕೆ ಮರಳಿದವಳು ಮೊದಲು ಮಾಡಿದ್ದು ‘ಕ್ರಮೇಣ’ವನ್ನು ಹೊಡೆದುಹಾಕಿದ್ದು. ಮರುದಿನ ಅದು ಪೆನ್ಸಿಲಿನಲ್ಲಿ ಮರಳಿ ಬಂದಿತ್ತು. ಮತ್ತೆ ಹೊಡೆದೆ. ಮತ್ತೆ ಬಂತು. ನಾಲ್ಕನೆಯ ಸಲ ಕಾಗದ ಹರಿಯಿತು.

“ಆಧಾರ?” ಎಂದು ಥರ್ಕೆಟಲ್ ಅವರು ಕೇಳಿದರು.

“ನಾನೇ ನೋಡಿದ್ದೀನಿ.”

“ನೀವು ನೋಡಿದ್ದು ಆಧಾರ ಅಲ್ಲ. ಬರಹದಲ್ಲಿರಬೇಕು. ತಾರೀಖಿರಬೇಕು.”

“ಏನ್ರೀ ಆಂಬ್ರೋಸ್!” ಕಪಾಟಿನ ಹಿಂದಿನಿಂದ ಡಿಲಿಸ್ ಕೂಗಿದರು. “ಆ ಹುಡುಗಿ ಗಂಡನ್ನ ಕಳ್ಕೊಂಡಿದಾಳೆ. ಒಂದು ಪದ ಬಿಟ್ಟುಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಬಿಟ್ಟುಕೊಡಬಹುದು. ಆಗ ಅದು ನಾವು ಇವರಿಗೆ ತೋರಿಸಿದ ಕನಿಕರ ಆಗುತ್ತೆ. ನಿಘಂಟು ಆಗಲ್ಲ.”

ಜೂನ್ ಕೊನೆಗೆ ಆ ಪುಟ ಅಚ್ಚಿಗೆ ಹೋಗುವುದಿತ್ತು. ಹೋದರೆ ಮುಂದಿನ ಆವೃತ್ತಿಯವರೆಗೆ, ಅಂದರೆ ನಾನು ಮುದುಕಿಯಾಗುವವರೆಗೆ, ಹ್ಯೂ ಕ್ರಮೇಣವೇ ಸತ್ತಿರುತ್ತಿದ್ದ.

ಕೊನೆಗೆ ವೈದ್ಯರು ನನಗೆ ಬರೆದಿದ್ದ ಪತ್ರವನ್ನು ತಂದು ಅವರ ಮೇಜಿನ ಮೇಲಿಟ್ಟೆ. ಗುರುವಾರದಿಂದೀಚೆಗೆ ರೋಗಿ ಬಹಳ ವೇಗವಾಗಿ ‘ಡಿಕ್ಲೈನ್’ ಆದರೆಂದು ಅದರಲ್ಲಿತ್ತು. ಯಾರಿಗೂ ತೋರಿಸಿರದ ಪತ್ರ. ಥರ್ಕೆಟಲ್ ಅವರು ನಿಂತುಕೊಂಡೇ ಎರಡು ಸಲ ಓದಿದರು.

“ತಾರೀಖಿದೆ. ಸಹಿ ಓದೋ ಹಾಗಿದೆ. ಒಳ್ಳೆ ಪ್ರಯೋಗ,” ಎಂದರು. “ಇನ್ನೆರಡು ಬೇಕು.”

ಒಂದು ವಿವರಣೆಯನ್ನು ತಿದ್ದಲು ಮೂರು ಚೀಟಿ ಬೇಕೆಂಬುದು ನಿಯಮ. ನನಗೂ ಗೊತ್ತಿತ್ತು. ಆಗ ನಾನು ಅಂದ ಮಾತನ್ನು ಇಲ್ಲಿ ಬರೆಯಲಾರೆ. ಡಿಲಿಸ್ ಅದನ್ನು ತಾರೀಖಿನ ಸಮೇತ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ.

ಆಮೇಲೆ ನಾನು ಅವರೊಡನೆ ಮಾತಾಡಲಿಲ್ಲ. ಜೂನ್ ಮೊದಲ ವಾರ ಜಿಲ್ಲಾ ದಾಖಲೆ ಕಚೇರಿಯಿಂದ ಫೋನ್ ಬಂತು. “ನಿಮ್ಮ ಥರ್ಕೆಟಲ್ ಅವರನ್ನ ಒಂದು ಶನಿವಾರನಾದ್ರೂ ನೀವೇ ಇಟ್ಕೊಳ್ಳಿ ತಾಯಿ. ನಮ್ಮ ಪಟ್ಟೀಲಿ ಹದಿನೇಳು ತಪ್ಪು ಹಿಡಿದಿದಾರೆ.” ಏಪ್ರಿಲ್‌ನಿಂದ ಪ್ರತಿ ಶನಿವಾರವೂ ಅವರು ಅಲ್ಲಿ ಕೂತು, ಸುತ್ತಲಿನ ಮನೆತನಗಳವರು ತಂದು ಒಪ್ಪಿಸಿದ ಹಳೆಯ ಪತ್ರಗಳನ್ನು ಓದುತ್ತಿದ್ದರು. ನಮಗೆ ಯಾರಿಗೂ ಹೇಳಿರಲಿಲ್ಲ.

ಅಚ್ಚಿಗೆ ನಾಲ್ಕು ದಿನವಿರುವಾಗ ನನ್ನ ಮೇಜಿನ ಮೇಲೆ ಅವರ ಕೈಬರಹದ ಮೂರು ಚೀಟಿಗಳಿದ್ದವು. ಮೊದಲನೆಯದು 1794ರದು, ಒಬ್ಬ ರೈತನ ಪತ್ರ: ಹೆಂಡತಿ ಎಷ್ಟು ಬೇಗ ‘ಡಿಕ್ಲೈನ್’ ಆದಳೆಂದರೆ ಅವಳು ಬೇಯಿಸಿಟ್ಟ ಬ್ರೆಡ್ಡು ಇನ್ನೂ ಮನೆಯಲ್ಲಿತ್ತು. ಎರಡನೆಯದು 1861ರದು. ಹಡಗಿನ ಬಡಗಿಯೊಬ್ಬನ ಬಗ್ಗೆ ಅವನ ಅಣ್ಣ ಬರೆದದ್ದು: ಸೋಮವಾರ ಕೊಡಲಿ ಹಿಡಿದಿದ್ದ, ಭಾನುವಾರದೊಳಗೆ ‘ಡಿಕ್ಲೈನ್’ ಆಗಿ ಹೋದ. ಮೂರನೆಯದು ವೈದ್ಯರು ನನಗೆ ಬರೆದ ಪತ್ರದ ನಕಲು. ಪತ್ರವನ್ನು ಹೊಸ ಲಕೋಟೆಯಲ್ಲಿಟ್ಟು ಹಿಂತಿರುಗಿಸಿದ್ದರು.

ಅವರು ಕುರ್ಚಿ ಎಳೆದುಕೊಂಡು ಕೂತು, ಅಳತೆಪಟ್ಟಿಯಿಟ್ಟು, ‘ಕ್ರಮೇಣ’ದ ಮೇಲೆ ಒಂದೇ ಒಂದು ಗೆರೆ ಎಳೆದರು; ಈ ಸಲ ಶಾಯಿಯಲ್ಲಿ. ಪಕ್ಕದಲ್ಲಿ ನನ್ನಿಂದ ಸಹಿ ಹಾಕಿಸಿದರು.

“ಇನ್ನು ಇದನ್ನ ಯಾರೂ ವಾಪಸ್ ಹಾಕೋಕಾಗಲ್ಲ,” ಎಂದರು. “ನಾನೂ ಕೂಡ.”

ರೈತನ ಹೆಂಡತಿ, ಬಡಗಿ, ಹ್ಯೂ. ತಾರೀಖಿನ ಸಾಲಿನಲ್ಲಿ ಮೂವರೂ ಈಗ ಒಂದೇ ಖಾನೆಯಲ್ಲಿದ್ದಾರೆ.

ದಾಖಲೆ ಕಚೇರಿಯಲ್ಲಿ ಇನ್ನೂ ನಲವತ್ತು ಪೆಟ್ಟಿಗೆ ಪತ್ರಗಳಿವೆಯಂತೆ. ಆ ಮೂರು ತಿಂಗಳಲ್ಲಿ ಥರ್ಕೆಟಲ್ ಅವರು ಓದಿದ್ದು ಅರ್ಧ ಪೆಟ್ಟಿಗೆ. ಉಳಿದದ್ದನ್ನೆಲ್ಲ ಅವರೇ, ಇದೇ ಗತಿಯಲ್ಲಿ, ಒಂದು ಸಾಲನ್ನೂ ಬಿಡದೆ ಓದಿ ಮುಗಿಸಲಿ. ಅಲ್ಲಿಯ ಸಿಬ್ಬಂದಿಗೂ ಅಷ್ಟೇ ಆಯುಷ್ಯ ಸಿಗಲಿ.