ಪೆದ್ದಣ್ಣನ ಆಯಾಸ

ನಮ್ಮ ಪಕ್ಕದ ಮನೆಯವನ ಹೆಸರು ಪೆದ್ದಣ್ಣ. ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದವನು, ಮನೆಮಾತು ತೆಲುಗು. ತೆಲುಗಿನಲ್ಲಿ ಪೆದ್ದಣ್ಣ ಎಂದರೆ ದೊಡ್ಡಣ್ಣ. ಕನ್ನಡದಲ್ಲಿ ಏನೆಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಎರಡು ಅರ್ಥವೂ ಅವನಿಗೆ ಒಪ್ಪುತ್ತವೆ, ದಿನಕ್ಕೊಂದರಂತೆ.

ಚಳ್ಳಕೆರೆಗೆ ಬಂದು ಶೇಂಗಾ ಮಿಲ್ಲಿನಲ್ಲಿ ಹಮಾಲಿಯಾದ, ಆಮೇಲೆ ಮೇಸ್ತ್ರಿಯಾದ. ಹಮಾಲಿಯಾಗಿದ್ದಾಗ ಮೂಟೆ ಬೆನ್ನ ಮೇಲಿತ್ತು. ಮೇಸ್ತ್ರಿಯಾದ ಮೇಲೆ ಅದೇ ಮುಂದಕ್ಕೆ ಬಂದು ಹೊಟ್ಟೆಯಾಯಿತು. ಕುರ್ಚಿಯಲ್ಲಿ ಕೂತು "ಎತ್ರೋ, ಎತ್ರೋ" ಎನ್ನುವುದೇ ಕೆಲಸ. ಹೀಗೇ ಆರಾಮಾಗಿ ಇದ್ದುಬಿಡುತ್ತಿದ್ದನೋ ಏನೋ, ಬಿ.ಪಿ. ನೋಡಿದ ಡಾಕ್ಟರು "ನಿಮ್ಮ ತಂದೆಗೆ ಏನಾಗಿತ್ತು?" ಎಂದು ಕೇಳಿಬಿಟ್ಟರು. ಅವನಪ್ಪ ಜೋಗಪ್ಪ ಇದೇ ವಯಸ್ಸಿನಲ್ಲಿ ಎದೆ ಹಿಡಿದುಕೊಂಡು ಹೊಲದ ಬದುವಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅವತ್ತಿನಿಂದ ಪೆದ್ದಣ್ಣನಿಗೆ ಒಂದೇ ಹಟ: ಅಪ್ಪನ ಹಾಗೆ ಹೋಗಬಾರದು.

ಡಾಕ್ಟರು ಹೇಳಿದ್ದು ಇಷ್ಟೇ, ಗುಳಿಗೆ ನುಂಗಿ, ದಿನಾ ನಡೀರಿ. ಇವನು ಕೇಳಬೇಕಲ್ಲ!

"ನಡೆಯೋದೂ ಒಂದು ಕಸರತ್ತೇನಲೇ ಮಾರುತೇಶ? ಕುರಿಗಳೂ ನಡೀತಾವೆ" ಎಂದು ನನ್ನನ್ನೂ ಎಳೆದುಕೊಂಡು ಬಳ್ಳಾರಿ ರಸ್ತೆಯ ಜಿಮ್ಮಿಗೆ ಸೇರಿದ. ನಾನು ಟೈಲರ್. ಹಗಲೆಲ್ಲ ಕೂತು ಹೊಲಿಯುವವನು. ಜಿಮ್ಮಿಗೆ ಹೋಗಿ ಕನ್ನಡಿಗೆ ಮುಖ ತೋರಿಸಿ ಬರುವುದೇ ನನ್ನ ಕಸರತ್ತು. ಅವನು ಹಾಗಲ್ಲ. ಮಿಲ್ಲಿನ ಬಾಕಿ ಮೂಟೆಗಳನ್ನೆಲ್ಲ ಅಲ್ಲೇ ಎತ್ತಿ ಮುಗಿಸುವವನಂತೆ ಕಬ್ಬಿಣದ ಮೇಲೆ ಬಿದ್ದ.

ಜಿಮ್ ನಡೆಸುವ ಕಿರಣ್‌ಕುಮಾರ್ ಒಳ್ಳೆಯ ಹುಡುಗ, ಚಿತ್ರದುರ್ಗದ ಕಡೆಯವನು. "ಅಂಕಲ್, ಮೊದ್ಲು ಮೈ ಬಿಸಿ ಮಾಡ್ಕೊಳ್ಳಿ" ಎನ್ನುತ್ತಿದ್ದ.

"ಚಳ್ಳಕೆರೇಲಿ ಇದ್ದೀನಿ ಕಣಪ್ಪ, ಇನ್ನೆಷ್ಟು ಬಿಸಿ ಆಗ್ಬೇಕು?"

"ಎತ್ತುವಾಗ ಉಸಿರು ಬಿಡ್ಬೇಕು ಅಂಕಲ್."

"ಉಸ್ರು ಬಿಟ್ರೆ ಬಲ ಹೋಗ್ತೈತೆ."

ಕೆನ್ನೆ ಉಬ್ಬಿಸಿ, ಕಣ್ಣು ಹೊರಗೆ ಬಿಟ್ಟು ಎತ್ತುತ್ತಿದ್ದ. ಇದು ಸಾಲದು ಎಂದು ಬಿ.ಪಿ. ಗುಳಿಗೆಯನ್ನೂ ನಿಲ್ಲಿಸಿದ. ಕಬ್ಬಿಣ ಎತ್ತುವವನಿಗೆ ಗುಳಿಗೆ ಯಾಕಂತೆ! ಹೃದಯ ಉಳಿಸಿಕೊಳ್ಳಲು ಹೋದವನು ಅದರ ಕುತ್ತಿಗೆಯನ್ನೇ ಹಿಸುಕುತ್ತಿದ್ದ.

ಸ್ವಲ್ಪ ದಿನ ಕಳೆಯಿತು. ಒಂದು ಬೆಳಿಗ್ಗೆ ಟ್ರೆಡ್‌ಮಿಲ್ ಮೇಲಿದ್ದವನು, "ಯಾಕೋ ಆಯಾಸ ಬರ್ತೈತೆ ಕಿರಣಪ್ಪ" ಎಂದ.

"ಬರ್ಲಿ ಅಂಕಲ್! ಆಯಾಸ ಆಗ್ಲಿ ಅಂತಾನೇ ಇಲ್ಲಿಗೆ ಬರೋದು. ಬಿಡಬ್ಯಾಡ್ರಿ, ಇನ್ನೊಂದ್ ಚೂರು!" ಎಂದು ಹುಡುಗ ವೇಗ ಹೆಚ್ಚಿಸಿದ. ಮೇಷ್ಟ್ರೇ ಬರಲಿ ಎಂದ ಮೇಲೆ ಬರುವುದು ಒಳ್ಳೆಯದೇ ಇರಬೇಕು ಎಂದು ಪೆದ್ದಣ್ಣ ಹಲ್ಲು ಕಚ್ಚಿ ಕಾಲು ಹಾಕಿದ.

ಆ ಹೊತ್ತಿಗೆ ಅವನ ಹೆಂಡತಿ ಗೀತಮ್ಮ ಬಂದಳು. ಅವನು ಕದ್ದು ಬಚ್ಚಿಟ್ಟಿದ್ದ ಗುಳಿಗೆಗಳು ದಿಂಬಿನ ಕೆಳಗೆ ಸಿಕ್ಕಿದ್ದವು. ಅವನ್ನು ಸೆರಗಿಗೆ ಕಟ್ಟಿಕೊಂಡು, ನಾಲ್ಕು ಜನರ ಮುಂದೆಯೇ ಬೈಯಬೇಕೆಂದು ಬಂದವಳು ಬಾಗಿಲಲ್ಲೇ ನಿಂತಳು. ಒಳಗೆ ಗಂಡ ಮತ್ತೆ "ಆಯಾಸ... ಬರ್ತೈತೆ" ಎನ್ನುತ್ತಿದ್ದ. ಮುಖ ಬೂದಿ ಬಣ್ಣವಾಗಿತ್ತು, ಮೈಯೆಲ್ಲ ಬೆವರು.

"ಏಯ್ ಹುಡ್ಗಾ, ನಿಲ್ಸು ಅದನ್ನ!" ಎಂದು ಕೂಗಿದಳು. "ಸುಸ್ತಲ್ಲ ಅದು! ಉಸ್ರು ಸಿಗ್ತಿಲ್ಲ ಅಂತಾವ್ರೆ! ತೆಲುಗ್ನಾಗೆ ಆಯಾಸ ಅಂದ್ರೆ ಅದೇ ಕಣೋ!"

ಕಿರಣ್ ತಟ್ಟನೆ ಯಂತ್ರ ನಿಲ್ಲಿಸಿದ. ಪೆದ್ದಣ್ಣ ಎದೆಗೆ ಅಂಗೈ ಒತ್ತಿಕೊಂಡು ನೆಲಕ್ಕೆ ಕುಸಿದ. ಅಯ್ಯೋ, ಅಷ್ಟು ದೊಡ್ಡ ಆಳು ಅಷ್ಟು ಚಿಕ್ಕವನಾಗಿದ್ದನ್ನು ನಾನು ನೋಡಿರಲಿಲ್ಲ. ನಾನೂ ಕಿರಣನೂ ಎತ್ತಿ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಊರಿನ ಡಾಕ್ಟರು ಇ.ಸಿ.ಜಿ. ನೋಡಿ, ಗುಳಿಗೆ ಕೊಟ್ಟು, ಆಂಬ್ಯುಲೆನ್ಸಿನಲ್ಲಿ ದಾವಣಗೆರೆಗೆ ಕಳಿಸಿದರು. ಅಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ.

ಕಿರಣ್ ಈಗ ಯಾರೇ ಆಯಾಸ ಎಂದರೂ "ಕಾಲಿಗಾ, ಉಸಿರಿಗಾ?" ಎಂದು ಕೇಳಿಯೇ ಮುಂದಿನ ಮಾತಾಡುತ್ತಾನೆ. ಪೆದ್ದಣ್ಣ ಸುಧಾರಿಸಿಕೊಂಡ ಮೇಲೆ ಡಾಕ್ಟರೇ ಮತ್ತೆ ಜಿಮ್ಮಿಗೆ ಕಳಿಸಿದರು. ಭಾರ ಮುಟ್ಟುವಂತಿಲ್ಲ, ಗುಳಿಗೆ ತಪ್ಪಿಸುವಂತಿಲ್ಲ. ಕುರಿಗಳ ಹಾಗೆ ನಿಧಾನಕ್ಕೆ ನಡೆಯಬೇಕು. ನಡೆಯುವಾಗ ಮಾತಾಡುತ್ತಲೂ ಇರಬೇಕು. ಮಾತಾಡಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ, ಅಲ್ಲಿಗೇ ನಿಲ್ಲಬೇಕು.

ಅಲ್ಲೇ ಬಂತು ನೋಡಿ ತೊಂದರೆ. ಗೀತಮ್ಮ ಬೇರೆ ಯಾರನ್ನೂ ನಂಬದೆ, ಸೀರೆಯ ಮೇಲೆ ಮಗನ ಬೂಟು ಹಾಕಿಕೊಂಡು ತಾನೇ ಪಕ್ಕದಲ್ಲಿ ನಿಂತಳು. ಮಿಲ್ಲಿನಲ್ಲಿ ದಿನವಿಡೀ ಗಂಟಲು ಹರಿದುಕೊಳ್ಳುವ ಪೆದ್ದಣ್ಣ, ಮದುವೆಯಾದಾಗಿನಿಂದ ಹೆಂಡತಿಯ ಜೊತೆ ಆಡಿದ್ದು "ಅನ್ನ ಹಾಕು", "ನೀರು ಕೊಡು" ಅಷ್ಟೇ. ಶೇಂಗಾ ರೇಟು ಹೇಳಿದ. ಮೋಡದ ಸುದ್ದಿ ಹೇಳಿದ. ಸೊಸೈಟಿ ಅಕ್ಕಿಯ ಬಗ್ಗೆ ಎರಡು ಮಾತಾಡಿದ. ಸರಕು ಮುಗಿಯಿತು.

ಗೀತಮ್ಮ ತಕ್ಷಣ ಯಂತ್ರ ನಿಲ್ಲಿಸುವ ಗುಂಡಿಯ ಮೇಲೆ ಕೈಯಿಟ್ಟಳು. "ಉಸ್ರು ಕಟ್ತೈತೇನ್ರಿ?"

"ಇಲ್ಲ ಕಣೇ. ಮಾತು ಸಿಗ್ತಿಲ್ಲ."

ನಾನು ಕಿಸಕ್ಕನೆ ನಕ್ಕೆ. ಅವನು ನನ್ನ ಕಡೆ ನೋಡಲಿಲ್ಲ. ಕಾಲ ಕೆಳಗೆ ಹಿಂದಕ್ಕೆ ಓಡುವ ಪಟ್ಟಿಯನ್ನೇ ನೋಡುತ್ತಾ ತೆಲುಗಿನಲ್ಲಿ ಮೆಲ್ಲಗೆ ಏನೋ ಹೇಳಿದ. ನನಗೆ ತಿಳಿದ ಮಟ್ಟಿಗೆ ಕನ್ನಡದಲ್ಲಿ ಹೀಗೆ: "ಆವತ್ತು ಆಂಬ್ಯುಲೆನ್ಸ್‌ನಾಗೆ ನೀನು ನನ್ನ ಕೈ ಹಿಡ್ಕಂಡಿದ್ದಿ. ಇವಳ ಕೂಡ ಒಂದು ದಿನಾನೂ ಕೂತು ಮಾತಾಡ್ಲಿಲ್ಲ, ಹಿಂಗೇ ಹೋಗ್ಬಿಡ್ತೀನಲ್ಲ ಅಂತ ಹೆದ್ರಿಕೆ ಆಗಿತ್ತು."

ಗೀತಮ್ಮ ಗುಂಡಿಯಿಂದ ಕೈ ತೆಗೆದಳು. ಸೆರಗಿನಿಂದ ಮೂಗು ಒರೆಸಿಕೊಂಡು ಮುಂದೆ ನೋಡುತ್ತಾ ಅಂದಳು, "ಹೇಳ್ರಿ ಮತ್ತೆ. ನಿಲ್ಲಿಸಬ್ಯಾಡ್ರಿ."