ಹತ್ತು ಲಕ್ಷ ಅಕ್ಷರಗಳಾಚೆಯ ಉತ್ತರ

ಸೊಲ್ಲಾಪುರದಲ್ಲಿ ಜೀವಶಾಸ್ತ್ರವೆಂದರೆ ಕಪ್ಪೆ ಕೊಯ್ಯುವುದೆಂದೇ ತಿಳಿದಿದ್ದ ಕಾಲದಲ್ಲಿ, ವಂಶವಾಹಿಗಳನ್ನು ಗಣಕಯಂತ್ರದಿಂದ ಗುರುತಿಸುವ ವಿದ್ಯೆಯನ್ನು ನಮ್ಮ ಕಾಲೇಜಿಗೆ ತಂದವರು ಪ್ರಾಧ್ಯಾಪಕ ದಾಮೋದರ ಅವರು. ವಂಶವಾಹಿಯನ್ನು ಹುಡುಕಿದರೆ ಅರ್ಧ ಕೆಲಸವಷ್ಟೇ ಆದಂತೆ, ಅದು ಯಾವಾಗ, ಎಲ್ಲಿ, ಎಷ್ಟು ದುಡಿಯಬೇಕೆಂದು ಹೇಳುವ ನಿಯಂತ್ರಕ ತುಣುಕುಗಳನ್ನೂ ಹುಡುಕಬೇಕು ಎಂದು ಅವರು ಮೂವತ್ತು ವರ್ಷ ಹೇಳುತ್ತಲೇ ಬಂದರು. ದೀಪ ಹಿತ್ತಲಲ್ಲಿದ್ದರೂ ಅದರ ಗುಂಡಿ ಪಡಸಾಲೆಯಲ್ಲಿರಬಹುದು ಎಂಬುದು ಅವರ ಪಾಠದ ಮೊದಲ ವಾಕ್ಯ. ಸಹೋದ್ಯೋಗಿಗಳಾದ ನಮಗೆಲ್ಲ ಅದು ಬಾಯಿಪಾಠವಾಗಿತ್ತು. ಅರ್ಥವಾದದ್ದು ಮಾತ್ರ ಅವರ ಶಿಷ್ಯೆ ಮಯೂರಿಯಿಂದ.

ಅಕ್ಕಲಕೋಟದ ಬಟ್ಟೆ ವ್ಯಾಪಾರಿ ಸೋಮೇಶ ಅವರ ಮಗಳು ಮಯೂರಿಗೆ ಹುಟ್ಟುವಾಗ ಬಲಗೈಯಲ್ಲಿ ಎರಡು ಹೆಬ್ಬೆರಳಿದ್ದವು. ಒಂದನ್ನು ಎಳವೆಯಲ್ಲೇ ತೆಗೆಸಿದರು. ಅಜ್ಜಿ ಸೋಮವ್ವನ ಮಾತನ್ನು ತೆಗೆಯುವ ವೈದ್ಯರು ಮಾತ್ರ ಸಿಗಲಿಲ್ಲ. ಬಸುರಿಯಿದ್ದಾಗ ಸೊಸೆ ಕಸ್ತೂರಬಾಯಿ ಗ್ರಹಣದ ಹೊತ್ತಿನಲ್ಲಿ ಅಂಗಳಕ್ಕಿಳಿದು ಒಣಹಾಕಿದ್ದ ಸಂಡಿಗೆ ಎತ್ತಿದ್ದಳಂತೆ, ಅದಕ್ಕೇ ಹೀಗಾಯಿತಂತೆ. ಅಂದಿನಿಂದ ಪ್ರತಿ ಗ್ರಹಣಕ್ಕೂ ಕಸ್ತೂರಬಾಯಿ ಒಳಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ತಾಯಿಯ ಮೇಲಿನ ಈ ಅಪವಾದವನ್ನು ಕಳೆಯಲೆಂದೇ ಮಯೂರಿ ಸಂಶೋಧನೆಗೆ ಬಂದದ್ದು.

ಬೆರಳು ಮೂಡಿಸುವ ವಂಶವಾಹಿಯನ್ನು ಅವಳು ಮೊದಲಿನಿಂದ ಕೊನೆಯವರೆಗೆ ಓದಿದಳು. ಡಿಎನ್‌ಎಯ ಒಂದಕ್ಷರವೂ ತಪ್ಪಿರಲಿಲ್ಲ. ಹಾಗಾದರೆ ವಿಜ್ಞಾನವೂ ಅವ್ವನ ಮೇಲೇ ತಪ್ಪು ಹೊರಿಸಿತೇ ಎಂದು ಪ್ರಯೋಗಾಲಯದಲ್ಲೇ ಕುಸಿದು ಕುಳಿತಳು.

"ಏಳವಾ, ಗುಂಡಿ ಇನ್ನೂ ನೋಡೇ ಇಲ್ಲ ನಾವು," ಎಂದರು ದಾಮೋದರ ಸರ್.

ಗಣಕವಿಧಾನಗಳು ಖಾಲಿಯೆಂದು ದಾಟಿಹೋಗುವ ಜಾಗವನ್ನು ಗುರುಶಿಷ್ಯೆಯರು ತಿಂಗಳುಗಟ್ಟಲೆ ಜಾಲಾಡಿದರು. ಸುಮಾರು ಹತ್ತು ಲಕ್ಷ ಅಕ್ಷರಗಳಾಚೆ, ಬೇರೊಂದು ವಂಶವಾಹಿಯ ಹೊಟ್ಟೆಯೊಳಗೆ, ಮೀನಿನಿಂದ ಮನುಷ್ಯನವರೆಗೆ ಹೆಚ್ಚು ಬದಲಾಗದೆ ಉಳಿದುಬಂದ ವರ್ಧಕವೊಂದಿತ್ತು, ಸರ್ ಹೇಳುತ್ತಿದ್ದ ಗುಂಡಿ ಅದೇ. ಮಯೂರಿಯಲ್ಲಿ ಅದರ ಒಂದೇ ಒಂದು ಅಕ್ಷರ ಬದಲಾಗಿತ್ತು. ತಂದೆತಾಯಿಯ ರಕ್ತ ಪರೀಕ್ಷಿಸಿದಾಗ ಅದೇ ಬದಲಾವಣೆ ಸೋಮೇಶರಲ್ಲಿ ಕಂಡಿತು, ಅವರ ಕೈಯಲ್ಲಿ ಮಾತ್ರ ಅದು ತೋರಿಸಿಕೊಂಡಿರಲಿಲ್ಲ. ಅಷ್ಟು ದೂರದ ಒಂದಕ್ಷರ ಒಂದು ಬೆರಳನ್ನೂ ಒಬ್ಬ ಹೆಣ್ಣಿನ ಬದುಕನ್ನೂ ಹಿಡಿದಿಟ್ಟಿತ್ತು.

ವರದಿಯನ್ನು ಕೈಗಿತ್ತು ಸರ್ ಸುಮ್ಮನಾಗಬಹುದಿತ್ತು. ಅವರು ಮಯೂರಿಯ ಜೊತೆ ಎಸ್ಟಿ ಬಸ್ಸು ಹತ್ತಿ ಅಕ್ಕಲಕೋಟಕ್ಕೇ ಹೋದರು.

"ಅಜ್ಜಿ, ಇದು ಗ್ರಹಣದ ಕೆಲಸ ಅಲ್ರಿ. ನಿಮ್ಮ ಮಗನ ಕಡಿಂದ ಬಂದದ. ತಪ್ಪು ಯಾರದೂ ಅಲ್ಲ."

ಸೋಮವ್ವ ಮಗನ ಮುಖ ನೋಡಿದರು. ಸೋಮೇಶ ತಲೆ ತಗ್ಗಿಸಿದರು. ಬಾಗಿಲಲ್ಲಿ ನಿಂತಿದ್ದ ಕಸ್ತೂರಬಾಯಿ ಕೇಳಿದ್ದು ಇಷ್ಟೇ: "ಹಂಗಾದ್ರ ಸರ್, ಗ್ರಹಣದಾಗ ನಾ ಹೊರಗ ಬರಬಹುದೇನ್ರಿ?"



ಆಮೇಲೆ ಬಂದ ಸೂರ್ಯಗ್ರಹಣಕ್ಕೆ ಸರ್ ಗ್ರಹಣ ನೋಡುವ ಕನ್ನಡಕ ಹಿಡಿದು ಅದೇ ಅಂಗಳಕ್ಕೆ ಹೋದರು. ಕಸ್ತೂರಬಾಯಿ ಕನ್ನಡಕ ಹಾಕಿಕೊಂಡು ಆಕಾಶಕ್ಕೆ ಮುಖವೆತ್ತಿ ನಿಂತರು. ಸ್ವಲ್ಪ ಹೊತ್ತಿಗೆ ಸೋಮವ್ವನೂ ಕೋಲೂರಿಕೊಂಡು ಬಂದು ಸೊಸೆಯ ಮುಂದೆ ಕೈಚಾಚಿದರು: "ನನಗೂ ಒಂದೀಟು ತೋರಸು."

ನಿವೃತ್ತರಾಗುತ್ತಿರುವ ಈ ಗುರುಗಳಿಗೆ ನೂರ್ಕಾಲದ ಆಯುಸ್ಸನ್ನು ನಾವೂ ಕೋರುತ್ತೇವೆ. ಹುಡುಕಬೇಕಾದ ಖಾಲಿ ಜಾಗ ಇನ್ನೂ ಬಹಳವಿದೆ. ಆದರೆ ಅಕ್ಕಲಕೋಟದಿಂದ ಕಸ್ತೂರಬಾಯಿ ಹೇಳಿಕಳಿಸಿದ ಹಾರೈಕೆ ನಮ್ಮದಕ್ಕಿಂತ ದೊಡ್ಡದು: "ಮುಂದಿನ ಗ್ರಹಣಕ್ಕೂ ಸರ್ ಬರಬೇಕ್ರಿ. ಸಂಡಿಗಿ ಅಂಗಳದಾಗೇ ಒಣಹಾಕಿರ್ತೀನಿ."