ಎದುರುಮನೆಯ ಕೆಂಡ

ಮಾಂಜ್ರಾ ಹೊಳೆಯಲ್ಲಿ ಗಾಡಿ ಹೂತುಕೊಳ್ಳಬಹುದಿತ್ತು. ಎತ್ತು ಬೆದರಬಹುದಿತ್ತು. ಸಿಪಾಯಿಗಳು ನಮ್ಮನ್ನು ರಜಾಕಾರರ ಕಡೆಯವರೆಂದು ತಿಳಿಯಬಹುದಿತ್ತು. ಅಡಗಿಕೊಂಡ ರಜಾಕಾರರು ಉಳಿದಿದ್ದರೆ ಸಿಪಾಯಿಗಳ ಕಡೆಯವರೆಂದು ತಿಳಿಯಬಹುದಿತ್ತು. ಠಾಣಾ ಕುಶನೂರಿನ ಅಗಸಿ ಬಾಗಿಲಲ್ಲೇ ಜನ ಕಲ್ಲು ಹಿಡಿದು ನಿಂತಿರಬಹುದಿತ್ತು. ಭಾಲ್ಕಿಯ ಮಿಶನ್ ಅಂಗಳದಲ್ಲಿ ಗಾಡಿ ಹೂಡುವ ಮೊದಲೇ ಇವೆಲ್ಲವನ್ನೂ ನಾನು ಹೇಳಿ ಮುಗಿಸಿದ್ದೆ. ಎಸ್ತೇರಮ್ಮ ಎಲೆಯಡಿಕೆ ಮೆಲ್ಲುತ್ತ ಕೇಳಿದರು.

"ಆಯ್ತೇನು ತಮ್ಮಾ? ಇನ್ನ ಏನರೆ ಉಳದದೇನು?"

"ಮಳಿ ಬಂದ್ರ?"

"ಬಂದ್ರ ತೋಯೂಣು." ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಅವರ ಪ್ರಾರ್ಥನೆ ಯಾವಾಗಲೂ ಇಷ್ಟೇ: "ಸ್ವಾಮಿ, ನಾವು ಹೊಂಟೇವು. ನೀನೂ ಬಾ."

ನಾನು ಮಿಶನ್ ದವಾಖಾನೆಯ ಕಂಪೌಂಡರ್. ಅವರು ಬೈಬಲ್ ಓದಿ ಹೇಳುತ್ತ, ಬಾಣಂತಿಯರನ್ನು ನೋಡುತ್ತ ಹಳ್ಳಿ ತಿರುಗುವವರು. ಎತ್ತರದ ಮೈ, ಗಂಡಸರ ಚಪ್ಪಲಿ, ಬಿಳಿ ಸೀರೆ. ಬೆಂಕಿಕಡ್ಡಿ ಮಾತ್ರ ಎಂದೂ ಇಟ್ಟುಕೊಂಡವರಲ್ಲ. ಯಾವ ಊರಿಗೆ ಹೋದರೂ ಒಲೆಗೆ ಪಕ್ಕದ ಮನೆಯಿಂದಲೇ ಕೆಂಡ ಬರಬೇಕು. "ಕಡ್ಡಿಪೆಟಗಿ ಇದ್ದಾಕಿಗಿ ನೆರಿಮನಿ ಯಾಕ ಬೇಕು?" ಎನ್ನುವರು.

ರಜಾಕಾರರು ಹಳ್ಳಿಗಳ ಮೇಲೆ ಬೀಳುತ್ತಿದ್ದಾಗ ಕುಶನೂರಿನ ಕುರಿ ಸಾಕುವವರ ಮನೆಯ ಗಂಗವ್ವ, ಅವರ ಕೈಯಲ್ಲಿ ಕಾಲು ಮುರಿಸಿಕೊಂಡ ಗಂಡನೊಂದಿಗೆ ನಮ್ಮ ಪಡಸಾಲೆಯಲ್ಲಿದ್ದಳು. ಪೋಲೀಸ್ ಆ್ಯಕ್ಷನ್ ಆಯಿತು, ಆಕೆ ಊರಿಗೆ ಹೋದಳು. ಅದೇ ಪಡಸಾಲೆಗೆ ಅವಳ ಎದುರುಮನೆಯ ಫಾತಿಮಾಬಿ ಬಂದಳು, ಆಮೇಲಿನ ಸೇಡಿನ ಗಲಭೆಯಲ್ಲಿ ಗಂಡನನ್ನು ಕಳೆದುಕೊಂಡು. ಎಸ್ತೇರಮ್ಮ ಅದೇ ಚಾಪೆ ಹಾಸಿದರು. ನಮ್ಮವರಲ್ಲೇ ಗೊಣಗಿದವರಿದ್ದರು. "ಹೋದ ಸಲನೂ ಗೊಣಗಿದ್ರಿ, ಈ ಸಲನೂ ಗೊಣಗ್ರಿ. ನೀರು ತುಂಬಿಟ್ಟು ಗೊಣಗ್ರಿ," ಎಂದರು.

ಫಾತಿಮಾಬಿಗೆ ತನ್ನ ಮನೆಗೇ ಹೋಗಬೇಕಿತ್ತು. ಗಂಡ ಬಿತ್ತಿದ ಜೋಳ ಹೊಲದಲ್ಲಿ ನಿಂತಿತ್ತು. ಆದರೆ ಎದುರುಮನೆ ಮುಖ ತಿರುಗಿಸಿದರೆ ಆ ಓಣಿಯಲ್ಲಿ ಒಂಟಿ ಹೆಂಗಸು ಬಾಳುವುದು ಹೇಗೆ? "ನಾ ಮುಟ್ಟಿಸಿ ಬರ್ತೇನಿ," ಎಂದು ಎಸ್ತೇರಮ್ಮ ಹೊರಟರು. ನನ್ನನ್ನೂ ಎಳೆದುಕೊಂಡರು.

ಹೊಳೆ ಸುಮ್ಮನೆ ದಾಟಿಸಿತು. ಸಿಪಾಯಿಗಳು ನಮ್ಮ ನೀರು ಕುಡಿದು ಬಿಟ್ಟುಬಿಟ್ಟರು. ಕುಶನೂರಿನಲ್ಲಿ ಫಾತಿಮಾಬಿಯ ಮನೆಯ ಬಾಗಿಲನ್ನು ಯಾರೋ ಕಿತ್ತೊಯ್ದಿದ್ದರು. ಓಣಿಯವರು ದೂರ ನಿಂತು ನೋಡುತ್ತಿದ್ದಂತೆ ಎಸ್ತೇರಮ್ಮ ಒಲೆಗೆ ಮೂರು ಕಲ್ಲು ಹೂಡಿದರು. ನಾನು ಕೋಟಿನ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದೆ.

"ಒಳಗ ಇಡು," ಎಂದರು. ಆಮೇಲೆ ಎದುರುಮನೆಯತ್ತ ತಿರುಗಿ, "ಗಂಗವ್ವಾ, ಕೆಂಡ ಇದ್ರ ಕೊಡವಾ."

ಗಂಗವ್ವ ಹೊಸ್ತಿಲಿಗೆ ಬಂದಳು. "ಯಾರ ಒಲಿಗಿ?"

"ನಿನ್ನ ಎದುರಮನಿ ಒಲಿಗಿ."

"ನನ್ನ ಗಂಡನ ಕಾಲು ಮುರದಾಗ ಆ ಒಲಿ ಉರೀತಿತ್ತೋ ಇಲ್ಲೋ ಕೇಳ್ರಿ ಆಕಿಗಿ."

ಫಾತಿಮಾಬಿಯೇ ಹೊರಗೆ ಬಂದಳು. "ಉರೀತಿತ್ತು ಗಂಗಕ್ಕಾ. ಕಾಲಿಗಿ ಕಾವು ಕೊಡಾಕ ಅಂತ ಉಪ್ಪು ಕಾಸಿ, ಗಂಟು ಕಟ್ಟಿ ತಂದಿದ್ದೆ. ನೀ ಬಾಗಲಾ ತೆಗೀಲಿಲ್ಲ."

"ಹ್ಯಾಂಗ ತೆಗೀಲಿ? ಹೊರಗ ನಿಂತಾವ್ರು ಯಾರಂತ ಒಳಗಿದ್ದಾಕಿಗಿ ಏನು ಗೊತ್ತು?"

ಅಷ್ಟು ಹೇಳಿ ಒಳಗೆ ಹೋಗಿಬಿಟ್ಟಳು. ಮುಗಿಯಿತು, ಗಾಡಿ ತಿರುಗಿಸಬೇಕು ಎಂದುಕೊಂಡೆ. ಎಸ್ತೇರಮ್ಮ ಮಾತ್ರ ಒಲೆಯಲ್ಲಿ ಕಟ್ಟಿಗೆ ಜೋಡಿಸುತ್ತಲೇ ಇದ್ದರು. ಗಂಗವ್ವ ಮತ್ತೆ ಬಂದಳು, ಒಡೆದ ಗಡಿಗೆಯ ಚೂರಿನಲ್ಲಿ ಕೆಂಡ ಹಿಡಿದು. ಓಣಿಯ ನಡುವೆ ನಿಂತಳು.

"ಬಂದು ತಗೋ. ಆರಿ ಹೋಗ್ತಾವ."

ಫಾತಿಮಾಬಿ ನಿಂತಲ್ಲೇ ನಿಂತಳು. ಕೆಂಡ ಆರಿಯೇ ಹೋದರೆ ಎಂದು ಹೆದರಿ ನಾನೇ ನುಗ್ಗಿ ಚೂರು ಹಿಡಿದೆ. ಕೈ ಚುರ್ ಎಂದಿತು, ಚೂರು ವಾಲಿತು, ಒಂದು ಕೆಂಡ ನನ್ನ ಜೇಬಿಗೇ ಇಳಿಯಿತು. ಅಲ್ಲಿದ್ದ ಕಡ್ಡಿಪೆಟ್ಟಿಗೆ ಭುಸ್ಸೆಂದು ಹೊತ್ತಿತು. ಫಾತಿಮಾಬಿ ಓಡಿಬಂದು ನನ್ನ ಮೇಲೆ ನೀರಿನ ಕೊಡ ಬೋರಲು ಹಾಕಿದಳು.

"ಅಯ್ಯ, ಇಂವೇನು ತಾನೇ ಒಲಿ ಆಗಾಕ ಬಂದಾನೇನು!" ಎಂದಳು ಗಂಗವ್ವ. ಫಾತಿಮಾಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಉಳಿದ ಕೆಂಡವನ್ನು ಗಂಗವ್ವಳೇ ಒಳಗೊಯ್ದು, ಕುಕ್ಕರಗಾಲಲ್ಲಿ ಕೂತು ಊದಿದಳು.

ಮರುದಿನ ಎಸ್ತೇರಮ್ಮ ನನ್ನ ಕರಿ ಕೋಟಿನ ಸುಟ್ಟ ಜೇಬಿಗೆ ತಮ್ಮ ಬಿಳಿ ಸೀರೆಯ ತುಂಡು ಹಚ್ಚಿ ಹೊಲಿದರು. "ಚಂದ ಕಾಣ್ತದ," ಎಂದರು. ಕಾಣುತ್ತಿರಲಿಲ್ಲ.

ಅದಾಗಿ ಎಷ್ಟೋ ವರ್ಷವಾಯಿತು. ಈ ವರ್ಷ ಅವರನ್ನು ಭಾಲ್ಕಿಯಲ್ಲಿ ಮಣ್ಣು ಮಾಡಿದೆವು. ಜನ ಬರಲಿಕ್ಕಿಲ್ಲ, ಮಳೆ ಬಂದೀತು, ಪಾದ್ರಿಗಳ ರೈಲು ತಪ್ಪೀತು ಎಂದು ನಾನು ಬೆಳಗಿನಿಂದ ಚಡಪಡಿಸಿದೆ. ಎಲ್ಲವೂ ಸರಿಯಾಗಿಯೇ ನಡೆಯಿತು. ಕುಶನೂರಿನಿಂದ ಒಂದೇ ಗಾಡಿಯಲ್ಲಿ ಇಬ್ಬರು ಮುದುಕಿಯರು ಬಂದಿದ್ದರು. ಮಣ್ಣು ಹಾಕುವಾಗ ಕರವಸ್ತ್ರಕ್ಕೆಂದು ಅದೇ ಹಳೆಯ ಕರಿ ಕೋಟಿನ ಜೇಬಿಗೆ ಕೈ ಹಾಕಿದೆ. ಬೆರಳು ಆಚೆ ಬಂತು. ಬಿಳಿ ತೇಪೆಯ ಹೊಲಿಗೆ ಬಿಟ್ಟಿತ್ತು.